ಅಂಕಾರಾದ ಲೆಡ್ಜರ್

2025ರ ಮೇ ತಿಂಗಳಲ್ಲಿ ನಮ್ಮೂರಿನ ಹಣ್ಣಿನಂಗಡಿಯಲ್ಲೂ ‘ಟರ್ಕಿ ಸೇಬು ಮಾರುವುದಿಲ್ಲ’ ಎಂಬ ಬೋರ್ಡು ಬಿತ್ತು. ಅಲ್ಲಿ ಟರ್ಕಿ ಸೇಬು ಸಿಗುತ್ತಿತ್ತೆಂದು ನನಗೆ ಗೊತ್ತಾದದ್ದೇ ಆ ಬೋರ್ಡು ನೋಡಿದ ಮೇಲೆ. ಆ ತಿಂಗಳ ಸಂಘರ್ಷದಲ್ಲಿ ಪಾಕಿಸ್ತಾನ ನಮ್ಮ ಗಡಿಯೊಳಕ್ಕೆ ಬಿಟ್ಟ ಡ್ರೋನ್‌ಗಳು ಟರ್ಕಿಯವು ಎಂದು ನಮ್ಮ ಸೇನೆ ಹೇಳಿತ್ತು. ಬೆಂಗಳೂರೂ ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿ ಮೂಲದ ಚೆಲೆಬಿ ಕಂಪನಿಯ ಭದ್ರತಾ ಅನುಮತಿ ಅದೇ ತಿಂಗಳು ರದ್ದಾಯಿತು. ಎರಡು ವರ್ಷದ ಹಿಂದಷ್ಟೇ, 2023ರ ಫೆಬ್ರವರಿಯ ಭೂಕಂಪದಲ್ಲಿ, ನಮ್ಮ ಎನ್‌ಡಿಆರ್‌ಎಫ್ ತಂಡಗಳು ‘ಆಪರೇಷನ್ ದೋಸ್ತ್’ ಹೆಸರಿನಲ್ಲಿ ಅಲ್ಲಿನ ಅವಶೇಷಗಳಡಿಯಿಂದ ಜನರನ್ನು ಎಳೆದು ತೆಗೆದಿದ್ದವು. ಉಂಡ ಮನೆಗೆ ಎರಡು ಬಗೆದರು ಎಂದು ಜನ ಸಿಟ್ಟಾದದ್ದರಲ್ಲಿ ತಪ್ಪಿಲ್ಲ.

ಆದರೆ ಟಿವಿ ಚರ್ಚೆಗಳಲ್ಲಿ ಇದಕ್ಕೆಲ್ಲ ಒಂದೇ ಕಾರಣ ಕೊಟ್ಟರು, ಧರ್ಮ. ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ವಿಭಾಗದಲ್ಲಿ ತಲೆ ಹಣ್ಣು ಮಾಡಿಕೊಂಡು ನಿವೃತ್ತನಾದ ನನಗೆ ಅದು ಅರ್ಧ ಓದು ಅನಿಸುತ್ತದೆ. ಟರ್ಕಿಯ ವಿದೇಶಾಂಗ ನೀತಿಯನ್ನು ಭಾಷಣದಲ್ಲಿ ಹುಡುಕಬಾರದು, ಲೆಡ್ಜರ್‌ನಲ್ಲಿ ಹುಡುಕಬೇಕು. ಮೂರು ಬ್ಯಾಂಕಿನಲ್ಲಿ ಸಾಲ ಇಟ್ಟುಕೊಂಡು, ಒಬ್ಬ ಮ್ಯಾನೇಜರಿಗೆ ಇನ್ನೊಬ್ಬ ಮ್ಯಾನೇಜರನ್ನು ತೋರಿಸಿ ಲಿಮಿಟ್ ಹೆಚ್ಚಿಸಿಕೊಳ್ಳುವ ವ್ಯಾಪಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಂಕಾರಾ ಆ ಜಾತಿಯ ಗಿರಾಕಿ.

ಮಗಳು ಕರೆದುಕೊಂಡು ಹೋದಳೆಂದು ಇಸ್ತಾಂಬುಲ್‌ಗೆ ಹೋಗಿದ್ದೆ. ಎಮಿನೊನುವಿನ ಹೊಸ ಮಸೀದಿಯ ಪಕ್ಕದಲ್ಲಿ ಇಶ್ ಬ್ಯಾಂಕಿನ ಹಳೆಯ ಶಾಖೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ‘ಇಲ್ಲಿಗೆ ಬಂದೂ ಬ್ಯಾಂಕೇನಾ’ ಎಂದು ಹೆಂಡತಿ ಗೊಣಗಿದಳು. ಒಳಗೆ ಹಳೆಯ ಲೆಡ್ಜರ್‌ಗಳು, ಟೈಪ್‌ರೈಟರ್‌ಗಳು, ನೆಲಮಾಳಿಗೆಯಲ್ಲಿ ದಪ್ಪ ಬಾಗಿಲಿನ ಲಾಕರ್ ಕೋಣೆ. ನಾನು ಹೆಚ್ಚು ಹೊತ್ತು ನಿಂತದ್ದು ಮಕ್ಕಳಿಗೆ ಹಂಚುತ್ತಿದ್ದ ಲೋಹದ ಉಳಿತಾಯದ ಡಬ್ಬಿಗಳ ಮುಂದೆ. ಆ ಬ್ಯಾಂಕು ಡಬ್ಬಿ ಹಂಚಲು ಶುರು ಮಾಡಿದ್ದು 1928ರಲ್ಲಿ. ಉಡುಪಿಯ ಸಿಂಡಿಕೇಟ್ ಬ್ಯಾಂಕು ಮನೆಮನೆಗೆ ಹೋಗಿ ಪಿಗ್ಮಿ ಎತ್ತಲು ಶುರು ಮಾಡಿದ ವರ್ಷವೂ ಅದೇ.

ಇಶ್ ಬ್ಯಾಂಕಿಗೆ ಮೂಲ ಬಂಡವಾಳ ಎಲ್ಲಿಂದ ಬಂತು ಎಂಬುದು ಇನ್ನೂ ಸ್ವಾರಸ್ಯದ ಕಥೆ. ಖಿಲಾಫತ್ ಚಳವಳಿಯ ದಿನಗಳಲ್ಲಿ ಭಾರತದ ಮುಸ್ಲಿಮರು ಚಂದಾ ಎತ್ತಿ ಟರ್ಕಿಯ ನಾಯಕ ಮುಸ್ತಫಾ ಕೆಮಾಲ್‌ಗೆ ಹಣ ಕಳುಹಿಸಿದ್ದರು. ಖಲೀಫನ ಪೀಠ ಉಳಿಯಲಿ ಎಂಬುದು ಕೊಟ್ಟವರ ಆಸೆ. 1924ರ ಮಾರ್ಚ್‌ನಲ್ಲಿ ಕೆಮಾಲ್ ಆ ಪೀಠವನ್ನೇ ಎತ್ತಿ ಹಾಕಿದರು. ಆಗಸ್ಟ್‌ನಲ್ಲಿ, ಉಳಿದಿದ್ದ ಆ ಹಣದಿಂದ 2.5 ಲಕ್ಷ ಲಿರಾ ತೆಗೆದು ಬ್ಯಾಂಕು ತೆರೆದರು. ಅವರ ಪಾಲಿನ ಶೇರು ಉಯಿಲಿನ ಪ್ರಕಾರ ಅವರದೇ ಪಕ್ಷಕ್ಕೆ ಹೋಯಿತು. ಇಂದಿಗೂ ಸುಮಾರು 28% ಶೇರು ಈಗ ವಿರೋಧ ಪಕ್ಷವಾಗಿರುವ ಅದೇ ಸಿಎಚ್‌ಪಿ ಹೆಸರಿನಲ್ಲಿದೆ. ಅಧ್ಯಕ್ಷ ಎರ್ಡೋಗನ್‌ಗೆ ಅದರ ಮೇಲೆ ಬಹುಕಾಲದಿಂದ ಕಣ್ಣು.

ಕೆಮಾಲ್ ಹುಟ್ಟಿದ್ದು 1881ರಲ್ಲಿ. ಒಟ್ಟೋಮನ್ ಸಾಮ್ರಾಜ್ಯದ ಮೇಲೆ ಸಾಲಗಾರರು ತಮ್ಮದೇ ವಸೂಲಿ ಕಚೇರಿ ಕೂರಿಸಿದ್ದೂ ಆ ವರ್ಷವೇ. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆಂದು ಮೊದಲ ವಿದೇಶಿ ಸಾಲ, 1875ಕ್ಕೆ ದಿವಾಳಿ. ಆಮೇಲೆ ಉಪ್ಪು, ಹೊಗೆಸೊಪ್ಪು, ರೇಷ್ಮೆ, ಮೀನು, ಸ್ಟಾಂಪು ಇವುಗಳ ಆದಾಯವೆಲ್ಲ ನೇರವಾಗಿ ಯುರೋಪಿನ ಬಾಂಡುದಾರರ ಕೈಗೆ. ಜಾಲೊಲುವಿನಲ್ಲಿರುವ ಆ ಕಚೇರಿಯ ಕಟ್ಟಡ ಈಗ ಹೈಸ್ಕೂಲು. 1923ರ ಲೊಸಾನ್ ಒಪ್ಪಂದದಲ್ಲಿ ವಿದೇಶಿಯರ ವಿಶೇಷ ಹಕ್ಕುಗಳು ಹೋದವು, ಸಾಲ ಮಾತ್ರ ಹೋಗಲಿಲ್ಲ. ಕೊನೆಯ ಕಂತು ಕಟ್ಟಿದ್ದು 1954ರಲ್ಲಿ. ಸಾಮ್ರಾಜ್ಯ ಸತ್ತು ಮೂವತ್ತು ವರ್ಷವಾದರೂ ಅದರ ಕಂತು ಕಟ್ಟಿದ ದೇಶ, ಯಾವ ಒಬ್ಬ ಸಾಹುಕಾರನ ಬಾಗಿಲಲ್ಲೂ ಪೂರ್ತಿ ಕೂರಬಾರದೆಂದು ಕಲಿತದ್ದು ಆಶ್ಚರ್ಯವಲ್ಲ.

ಆ ಪಾಠ ನಡೆಸಿಕೊಂಡ ರೀತಿ ನೋಡಿ. 1934ರಲ್ಲಿ ಸೋವಿಯತ್ ರಷ್ಯಾದಿಂದ 80 ಲಕ್ಷ ಡಾಲರ್ ಸಾಲ, ಅದರಲ್ಲಿ ಕೈಸೆರಿಯ ಬಟ್ಟೆ ಗಿರಣಿ. ಎರಡನೇ ಮಹಾಯುದ್ಧದಲ್ಲಿ ಕ್ರೋಮ್ ಅದಿರು ಬ್ರಿಟನ್ನಿಗೂ ಮಾರಾಟ, ಹಿಟ್ಲರನಿಗೂ ಮಾರಾಟ. ಜರ್ಮನಿಯ ಮೇಲೆ ಯುದ್ಧ ಸಾರಿದ್ದು 1945ರ ಫೆಬ್ರವರಿಯಲ್ಲಿ, ಎಲ್ಲ ಮುಗಿಯುವ ಹೊತ್ತಿಗೆ. ಸ್ಟಾಲಿನ್ ಜಲಸಂಧಿಗಳ ಮೇಲೆ ಹಕ್ಕು ಕೇಳಿದ ಕೂಡಲೇ ಅಮೆರಿಕದ ಕಡೆ ಹೊರಳಿ, ಕೊರಿಯಾಕ್ಕೆ ಸೈನಿಕರನ್ನು ಕಳುಹಿಸಿ, 1952ಕ್ಕೆ ನೇಟೊ ಸೇರಿತು.

ಲೆಕ್ಕ ಮರೆತ ಪ್ರಸಂಗಗಳೂ ಇವೆ, ಅದನ್ನು ಮುಚ್ಚಿಡಬಾರದು. 1974ರಲ್ಲಿ ಸೈಪ್ರಸ್‌ಗೆ ಸೇನೆ ನುಗ್ಗಿಸಿದ್ದಕ್ಕೆ ಅಮೆರಿಕ ಶಸ್ತ್ರಾಸ್ತ್ರ ಕೊಡುವುದನ್ನೇ ನಿಲ್ಲಿಸಿತು. ಜೊತೆಗೆ ತೈಲ ಬೆಲೆಯ ಹೊಡೆತ. ದಶಕದ ಕೊನೆಗೆ, 70 ಸೆಂಟ್‌ಗೂ ಗತಿಯಿಲ್ಲದ ಸ್ಥಿತಿ ಬಂತೆಂದು ಪ್ರಧಾನಿ ಡೆಮಿರೆಲ್ ಅಲವತ್ತುಕೊಂಡ ಮಾತು ಅಲ್ಲಿ ಇಂದಿಗೂ ಗಾದೆಯಂತೆ ಓಡಾಡುತ್ತದೆ. ಆ ಪೆಟ್ಟಿನಿಂದ ಎರಡು ಫಲ. ಒಂದು, 1980ರ ಜನವರಿ 24ರ ನಿರ್ಧಾರಗಳು: ಡೆಮಿರೆಲ್ ಸರ್ಕಾರದ ಹಿರಿಯ ಅಧಿಕಾರಿ ತುರ್ಗುತ್ ಓಜಲ್ ಲಿರಾವನ್ನು ಅಪಮೌಲ್ಯ ಮಾಡಿ ದೇಶವನ್ನು ರಫ್ತಿನ ಹಾದಿಗೆ ಹಚ್ಚಿದರು. ಆಗ ಮೂರು ಬಿಲಿಯನ್ ಡಾಲರ್ ಆಸುಪಾಸಿನಲ್ಲಿದ್ದ ರಫ್ತು 2023ಕ್ಕೆ 255 ಬಿಲಿಯನ್. ಎರಡು, ಸ್ವಂತ ಶಸ್ತ್ರೋದ್ಯಮ. ಅಸೆಲ್ಸಾನ್ ಕಂಪನಿ ಹುಟ್ಟಿದ್ದು ಆ ನಿರ್ಬಂಧದ ವರ್ಷ, 1975ರಲ್ಲಿ. ಇಂದು ಉಕ್ರೇನಿಗೂ ಅಜರ್‌ಬೈಜಾನಿಗೂ ಪಾಕಿಸ್ತಾನಕ್ಕೂ ಹೋಗುವ ಡ್ರೋನ್‌ಗಳ ಹಿಂದೆ ಈ ಐವತ್ತು ವರ್ಷದ ಹಟವಿದೆ.

ಎರ್ಡೋಗನ್ ಕಾಲಕ್ಕೆ ಬಂದರೆ ಇದೇ ಆಟ ಜೋರಾಗಿದೆ. 2015ರ ನವೆಂಬರ್‌ನಲ್ಲಿ ರಷ್ಯಾದ ಯುದ್ಧವಿಮಾನ ಹೊಡೆದುರುಳಿಸಿದರು. ಪುಟಿನ್ ಟರ್ಕಿಯ ಟೊಮೆಟೊ ನಿಲ್ಲಿಸಿದರು, ಪ್ರವಾಸಿಗರ ಚಾರ್ಟರ್ ವಿಮಾನ ನಿಲ್ಲಿಸಿದರು. ಏಳು ತಿಂಗಳಲ್ಲಿ ಅಂಕಾರಾದಿಂದ ವಿಷಾದದ ಪತ್ರ ಹೋಯಿತು. 2019ಕ್ಕೆ ನೇಟೊ ಸದಸ್ಯ ರಾಷ್ಟ್ರವೊಂದು ರಷ್ಯಾದ ಎಸ್-400 ಕ್ಷಿಪಣಿ ತರಿಸಿಕೊಂಡು, ಎಫ್-35 ಯೋಜನೆಯಿಂದ ಹೊರದಬ್ಬಿಸಿಕೊಂಡಿತು.

ನಂಬಿಕೆ ನಿಜವಾಗಿಯೂ ಲೆಡ್ಜರಿನ ಮೇಲೆ ಕೈಯಿಟ್ಟದ್ದು 2021ರಲ್ಲಿ. ಬಡ್ಡಿ ಇಳಿಸಿದರೆ ಬೆಲೆ ಇಳಿಯುತ್ತದೆ ಎಂದು ಎರ್ಡೋಗನ್ ಹಟ ಹಿಡಿದರು, ಧರ್ಮದ ಆಜ್ಞೆಯನ್ನೂ ಎದುರಿಗಿಟ್ಟರು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ಗೆ ಬಡ್ಡಿ 19%ನಿಂದ 14%ಕ್ಕೆ ಬಂತು. ಡಾಲರಿಗೆ ಎಂಟೂವರೆಯಷ್ಟಿದ್ದ ಲಿರಾ 18 ದಾಟಿತು. ಮರುವರ್ಷ ಅಕ್ಟೋಬರ್‌ನಲ್ಲಿ ಹಣದುಬ್ಬರ 85%. ನಮ್ಮ ಯಾವ ಡೀಲಿಂಗ್ ರೂಮಿನ ಹುಡುಗನೂ ಹೀಗಾಗುತ್ತದೆಂದು ಮೊದಲೇ ಹೇಳುತ್ತಿದ್ದ.

ಆ ತೂತು ಮುಚ್ಚಲು ಏನು ಮಾಡಿದರು ಎಂಬುದೇ ನನ್ನ ವಾದಕ್ಕೆ ಸಾಕ್ಷಿ. ಅಲ್ಲಿವರೆಗೆ ವೈರಿಯಾಗಿದ್ದ ಅಬುಧಾಬಿಯ ಯುವರಾಜನನ್ನು 2021ರ ನವೆಂಬರ್‌ನಲ್ಲಿ ಅಂಕಾರಾಕ್ಕೆ ಕರೆದು, 10 ಬಿಲಿಯನ್ ಡಾಲರ್ ಹೂಡಿಕೆಯ ಮಾತು ಪಡೆದರು. ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್‌ನಲ್ಲಿ ಕೊಲೆಯಾದ ಪತ್ರಕರ್ತ ಖಶೋಗಿಯ ಪ್ರಕರಣದಲ್ಲಿ ಜಗತ್ತಿಗೇ ನ್ಯಾಯದ ಪಾಠ ಹೇಳಿದ್ದವರು, 2022ರ ಏಪ್ರಿಲ್‌ನಲ್ಲಿ ಆ ವಿಚಾರಣೆಯನ್ನು ಸೌದಿಗೇ ಒಪ್ಪಿಸಿ ಕೈತೊಳೆದುಕೊಂಡರು. ಅದೇ ತಿಂಗಳ ಕೊನೆಗೆ ಎರ್ಡೋಗನ್ ಜೆಡ್ಡಾದಲ್ಲಿದ್ದರು. 2023ರ ಮಾರ್ಚ್‌ನಲ್ಲಿ ಸೌದಿಯಿಂದ ಟರ್ಕಿಯ ಕೇಂದ್ರ ಬ್ಯಾಂಕಿಗೆ 5 ಬಿಲಿಯನ್ ಡಾಲರ್ ಠೇವಣಿ. ಚುನಾವಣೆ ಗೆದ್ದ ಮೇಲೆ ಮೆಹ್ಮೆತ್ ಶಿಮ್‌ಶೆಕ್ ಅವರನ್ನು ಹಣಕಾಸು ಸಚಿವ ಸ್ಥಾನಕ್ಕೆ ವಾಪಸು ಕರೆಸಿದರು, ಆ ಹೊತ್ತಿಗೆ 8.5%ಕ್ಕೆ ಇಳಿದಿದ್ದ ಬಡ್ಡಿ 2024ರ ಮಾರ್ಚ್‌ಗೆ 50% ಮುಟ್ಟಿತು. ಧರ್ಮದ ಆಜ್ಞೆಯ ಸುದ್ದಿ ಯಾರೂ ಎತ್ತಲಿಲ್ಲ.

ಹಾಗಾದರೆ ಪಾಕಿಸ್ತಾನ? ಟರ್ಕಿಗೆ ನಮ್ಮೊಂದಿಗಿನ ವ್ಯಾಪಾರ ಪಾಕಿಸ್ತಾನದ್ದಕ್ಕಿಂತ ಹಲವು ಪಟ್ಟು ದೊಡ್ಡದು, ಲೆಕ್ಕ ನೋಡುವವನು ನಮ್ಮ ಕಡೆ ಇರಬೇಕಿತ್ತಲ್ಲ ಎಂದು ಕೇಳಬಹುದು. ಒಟ್ಟು ಮೊತ್ತ ನೋಡಿದರೆ ಹಾಗನಿಸುತ್ತದೆ. ಆದರೆ ಆ ವ್ಯಾಪಾರದಲ್ಲಿ ಹೆಚ್ಚು ಮಾರುವವರು ನಾವು. 2023-24ರಲ್ಲೂ ನಮ್ಮ ರಫ್ತೇ ಆಮದಿಗಿಂತ ಜಾಸ್ತಿ. ಅಂಕಾರಾದ ಪುಸ್ತಕದಲ್ಲಿ ಭಾರತ ಡಾಲರ್ ಹೊರಹೋಗುವ ಬಾಗಿಲು. ಪಾಕಿಸ್ತಾನವೋ 2018ರಲ್ಲಿ ನಾಲ್ಕು ಯುದ್ಧನೌಕೆಗೆ ಆರ್ಡರ್ ಕೊಟ್ಟ ಗಿರಾಕಿ. ಹಳೆಯ ಸ್ನೇಹ, ಧರ್ಮದ ಭಾವನೆ ಇಲ್ಲವೆನ್ನುತ್ತಿಲ್ಲ. ಅವು ಶೋರೂಮಿನ ಹೊರಗಿನ ದೀಪಾಲಂಕಾರ.

ಆದ್ದರಿಂದ ಬಹಿಷ್ಕಾರದ ಬಗ್ಗೆ ನನಗೆ ಹೆಚ್ಚಿನ ನಿರೀಕ್ಷೆಯಿಲ್ಲ. ವರ್ಷಕ್ಕೆ ಐದು ಕೋಟಿಗೂ ಹೆಚ್ಚು ವಿದೇಶಿ ಪ್ರವಾಸಿಗರು ಬರುವ ದೇಶಕ್ಕೆ ನಮ್ಮ ಮೂರು ಲಕ್ಷ ಚಿಲ್ಲರೆ ಜನ ಹೋಗದಿದ್ದರೆ ಅಂತಾಲ್ಯದ ಹೋಟೆಲುಗಳೇನೂ ಮುಚ್ಚುವುದಿಲ್ಲ. ವ್ಯಾಪಾರವನ್ನೇ ನಿಲ್ಲಿಸಿದರೆ ಹೆಚ್ಚು ಕಳೆದುಕೊಳ್ಳುವುದು ನಮ್ಮ ರಫ್ತುದಾರರು. ದೆಹಲಿ ಮಾಡಿದ ಬೇರೆ ಎರಡು ಕೆಲಸ ಇದಕ್ಕಿಂತ ಚೊಕ್ಕ. ಟರ್ಕಿಯ ಮಿತ್ರ ಅಜರ್‌ಬೈಜಾನಿನ ಎದುರಾಳಿ ಅರ್ಮೇನಿಯಾಕ್ಕೆ ಪಿನಾಕ ರಾಕೆಟ್ ಮಾರಿದ್ದು ಒಂದು. ಇನ್ನೊಂದು, 2025ರ ಜೂನ್‌ನಲ್ಲಿ ಕೆನಡಾದ ದಾರಿಯಲ್ಲಿ ಮೋದಿ ಸೈಪ್ರಸ್‌ನಲ್ಲಿ ಇಳಿದದ್ದು. ಮೊದಲನೆಯದರಿಂದ ನಮಗೆ ಡಾಲರ್ ಬಂತು. ಎರಡನೆಯದಕ್ಕೆ ಹೆಚ್ಚಿನ ಖರ್ಚೇ ಆಗಲಿಲ್ಲ.