ಹಳೆಯ ಕಾರೋ, ಹಳೆಯ ವ್ಯಾನೋ? ಮುಂಗಡ ಕೊಡುವ ಮುನ್ನ ಲೆಕ್ಕ ಹಾಕಿ



ಸುಗ್ಗಿಯ ಹಣ ಕೈಸೇರಿದೊಡನೆ ಹಳೆಯ ಗಾಡಿ ಕೊಳ್ಳುವ ವಿಚಾರ ಅನೇಕರಿಗೆ ಬರುತ್ತದೆ. ಸಂತೆಗೂ ಆಯಿತು, ಆಸ್ಪತ್ರೆಗೂ ಆಯಿತು ಎಂಬ ಆಲೋಚನೆ ತಪ್ಪಲ್ಲ. ಆದರೆ 2025ರಲ್ಲಿ ಆದ ಮೂರು ಬದಲಾವಣೆಗಳನ್ನು ತಿಳಿಯದೆ ಮುಂಗಡ ಕೊಡಬೇಡಿ.

ಮಾರುತಿ 800 ಕಾರು ಮತ್ತು ಮಾರುತಿ ಓಮ್ನಿ ವ್ಯಾನನ್ನೇ ಹೋಲಿಸೋಣ. ಮೊದಲನೆಯದರ ತಯಾರಿಕೆ 2014ರಲ್ಲಿ, ಎರಡನೆಯದರದು 2019ರಲ್ಲಿ ನಿಂತಿತು. ಎರಡಕ್ಕೂ 796 ಸಿ.ಸಿ.ಯ, ಮೂರು ಸಿಲಿಂಡರಿನ ಎಂಜಿನ್. ವ್ಯತ್ಯಾಸ ಇರುವುದು ಮೈಕಟ್ಟಿನಲ್ಲಿ.

800ರ ಎಂಜಿನ್ ಮೂತಿಯಲ್ಲಿದ್ದು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಓಮ್ನಿಯದು ಮುಂದಿನ ಆಸನದಡಿ ಇದ್ದು ಹಿಂದಿನ ಚಕ್ರಗಳಿಗೆ ಬಲ ಕೊಡುತ್ತದೆ. ಆದುದರಿಂದ ಹಿಂದೆ ಹೇರು ಇದ್ದಾಗ ಓಮ್ನಿ ನೆಲ ಕಚ್ಚಿ ಏರು ಹತ್ತುತ್ತದೆ. ಬರಿದಾಗಿದ್ದರೆ ಕೆಸರಿನಲ್ಲಿ ಚಕ್ರ ಸುಮ್ಮನೆ ತಿರುಗುವುದುಂಟು. ಜಾರುಬಾಗಿಲು ಇರುವುದರಿಂದ ಹಾಲಿನ ಕ್ಯಾನು, ತರಕಾರಿ ಬುಟ್ಟಿ ಏರಿಸುವುದೂ ಸುಲಭ. ಆದರೆ ಎದುರಿನಿಂದ ಡಿಕ್ಕಿಯಾದರೆ ಮುಂದೆ ಕುಳಿತವರ ಕಾಲಿಗೆ ತಗಡೊಂದೇ ಅಡ್ಡ. 800ಕ್ಕೆ ಎಂಜಿನ್ನಿನ ಮೂತಿಯಾದರೂ ಇದೆ. ಏರ್‌ಬ್ಯಾಗ್ ಎರಡರಲ್ಲೂ ಇಲ್ಲ.

ಇನ್ನು ಬದಲಾವಣೆಗಳು. ಒಂದು: 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂಪಾಯಿ ಶುಲ್ಕವಿತ್ತು. ಆಗಸ್ಟ್ 2025ರ ಆದೇಶದಂತೆ 20 ವರ್ಷ ಮೀರಿದ್ದಕ್ಕೆ ಅದು 10,000 ಆಯಿತು. ಎರಡು: ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ಕ್ಕೆ ಏರಿತು. ಕಬ್ಬು, ಮುಸುಕಿನ ಜೋಳ ಬೆಳೆಯುವ ನಮಗೆ ಇದು ಒಳ್ಳೆಯದೇ. ಆದರೆ ಈ ಹಳೆಯ ಗಾಡಿಗಳು ಅದಕ್ಕಾಗಿ ತಯಾರಾದವಲ್ಲ. ಮೈಲೇಜು ತುಸು ಇಳಿಯುತ್ತದೆ, ರಬ್ಬರ್ ಪೈಪು, ವಾಷರುಗಳು ಬೇಗ ಕೆಡಬಹುದು. ಓಮ್ನಿಯ ಎಂಜಿನ್ ಆಸನದಡಿಯೇ ಇರುವುದರಿಂದ ಪೆಟ್ರೋಲ್ ಸೋರಿಕೆಯನ್ನು ಅಸಡ್ಡೆ ಮಾಡಬಾರದು. ಮೂರು: ಸೆಪ್ಟೆಂಬರ್ 2025ರಲ್ಲಿ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೆ ಹಿಂದಿನ ಬೆಲೆ ಕೇಳಿದರೆ ಒಪ್ಪಬೇಡಿ.

ನನ್ನ ಸಲಹೆ ಇಷ್ಟು: ವಾರವಾರವೂ ನಿಮ್ಮ ಫಸಲನ್ನು ಸಂತೆಗೆ ಒಯ್ಯುವುದಿದ್ದರೆ ಓಮ್ನಿ, ಮನೆಮಂದಿಯ ಓಡಾಟಕ್ಕಷ್ಟೇ ಆದರೆ 800. ಬಿಳಿ ಫಲಕದ ಗಾಡಿಯಲ್ಲಿ ಬಾಡಿಗೆಗೆ ಸರಕು ಸಾಗಿಸುವಂತಿಲ್ಲ ಎಂಬುದು ನೆನಪಿರಲಿ.

ಯಾವುದೇ ಆಗಲಿ, ಕಾಲಡಿಯ ಚಾಪೆ ಎತ್ತಿ ತುಕ್ಕು ನೋಡಿ. ನೋಂದಣಿಯ ಅವಧಿ ನೋಡಿ. ಗ್ಯಾಸ್ ಕಿಟ್ ಇದ್ದರೆ ಆರ್.ಸಿ.ಯಲ್ಲಿ ನಮೂದಾಗಿರಬೇಕು. ನಮೂನೆ 29 ಮತ್ತು 30ಕ್ಕೆ ಸಹಿ ಪಡೆದು, 30 ದಿನದೊಳಗೆ ಹೆಸರು ಬದಲಾಯಿಸಿಕೊಳ್ಳಿ. ಹಲ್ಲು ನೋಡದೆ ಎತ್ತು ಕೊಳ್ಳದ ನಾವು, ಕಾಗದ ನೋಡದೆ ಗಾಡಿ ಕೊಂಡರೆ ಹೇಗೆ?