ಆಟದ ಬಯಲಿನಲ್ಲಿ ಯಂತ್ರದ ಸಾಕ್ಷಿ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಈ ಸಂಚಿಕೆಯ ಮೂಲಕ ಒಂದು ಸಂಗತಿಯನ್ನು ಅರಿಕೆ ಮಾಡಬಯಸುತ್ತೇವೆ. ಆಟದ ಮಾತಲ್ಲವೇ ಎಂದು ಯಾರೂ ಇದನ್ನು ಹಗುರವಾಗಿ ಎಣಿಸಬಾರದು. ಯಾಕಂದರೆ ನ್ಯಾಯಕ್ಕೆ ತಲೆಬಾಗುವ ಅಭ್ಯಾಸವು ಮಕ್ಕಳಿಗೆ ಪಾಠದ ಕೋಣೆಗಿಂತ ಮುಂಚೆ ಆಟದ ಬಯಲಿನಲ್ಲಿ ಉಂಟಾಗುತ್ತದೆ.

ಕಳೆದ ವರ್ಷದ ಕ್ರೀಡೋತ್ಸವದಲ್ಲಿ ಹುಡುಗಿಯರ ಕಾಲ್ಚೆಂಡಾಟದ ಕೊನೆಯ ಪಂದ್ಯವು ನಡೆಯುತ್ತಿರಲು, ಚೆಂಡು ಗೋಲುಕಂಬದ ಒಳಬದಿಗೆ ಬಡಿದು ನೆಲಕ್ಕೆ ಬಿದ್ದು ಹೊರಗೆ ಪುಟಿಯಿತು. ತೀರ್ಪುಗಾರರಾಗಿದ್ದ ನಮ್ಮ ಉಪಾಧ್ಯಾಯಿನಿಯವರು ಗೋಲಾಗಲಿಲ್ಲವೆಂದರು. ಆಗ ಗೋಲಿನ ಪಕ್ಕದ ಬೇಲಿಯ ಬಳಿ ನಿಂತಿದ್ದ ಒಬ್ಬ ತಂದೆಯವರು ಮೊಬೈಲನ್ನು ಎತ್ತಿ ಹಿಡಿದುಕೊಂಡು ಮೈದಾನದೊಳಗೆ ಬಂದು, "ಟೀಚರ್, ಇದನ್ನೊಮ್ಮೆ ನೋಡಿ" ಎಂದರು. ತೀರ್ಪಾದ ಮೇಲೆ ನೋಡಲಾಗದೆಂದು ಹೇಳಿ ನಾವು ಅವರನ್ನು ಹಿಂದಕ್ಕೆ ಕಳುಹಿಸಿದೆವು. ಅದೇ ಒಂದು ಗೋಲಿನಿಂದ ಅವರ ಮಗಳ ತಂಡವು ಸೋತಿತು. ಸಾಯಂಕಾಲ ಆ ಚಿತ್ರವನ್ನು ತರಿಸಿ ನೋಡಿದಾಗ ಚೆಂಡು ಗೆರೆಯನ್ನು ಪೂರ್ತಿಯಾಗಿ ದಾಟಿದ್ದು ಸ್ಪಷ್ಟವಾಗಿ ಕಂಡಿತು. ಆ ರಾತ್ರಿ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಯಂತ್ರದ ಸಾಕ್ಷಿಯು ನಮ್ಮ ಸೀಮೆಯವರಿಗೆ ಅಪರಿಚಿತವಲ್ಲ. ಪುತ್ತೂರಿನ ಕೋಟಿ-ಚೆನ್ನಯ ಜೋಡುಕರೆ ಕಂಬಳವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಎರಡು ಕರೆಗಳ ಕೋಣಗಳು ಮಂಜೊಟ್ಟಿಯನ್ನು ಹೆಚ್ಚು ಕಡಿಮೆ ಒಟ್ಟಿಗೆ ಮುಟ್ಟಿದರೆ ಯಾವ ಜೊತೆ ಮುಂದೆಂಬದನ್ನು ಬರಿಗಣ್ಣು ಹೇಳಲಾರದು. ಆದಕಾರಣ ಇತ್ತೀಚಿನ ವರ್ಷಗಳಲ್ಲಿ ಕರಾವಳಿಯ ಕಂಬಳಗಳಲ್ಲಿ ಲೇಸರ್ ಕಿರಣದಿಂದ ಹೊತ್ತನ್ನು ಅಳೆಯುವ ಏರ್ಪಾಡು ಬಂದಿದೆ. ಅದರಿಂದ ಕಂಬಳದ ಮರ್ಯಾದೆ ಕುಂದಿತೆಂದು ಯಾರೂ ಹೇಳಿದ್ದನ್ನು ನಾವು ಕೇಳಲಿಲ್ಲ.

ಕಾಲ್ಚೆಂಡಾಟದ ನಿಯಮಗಳನ್ನು ಮಾಡುವ ಅಂತರರಾಷ್ಟ್ರೀಯ ಮಂಡಲಿಯು 2018ನೇ ಮಾರ್ಚ್ 3ರಂದು ವೀಡಿಯೊ ಸಹಾಯಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ರಷ್ಯದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅದು ಉಪಯೋಗಕ್ಕೆ ಬಂತು. ಆದರೂ ಸಕಲ ವಿಷಯಗಳಿಗೂ ಅದನ್ನು ಅನ್ವಯಿಸಲಿಲ್ಲ. ಗೋಲು, ಪೆನಾಲ್ಟಿ, ನೇರವಾದ ಕೆಂಪು ಚೀಟಿ, ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ಶಿಕ್ಷಿಸುವದು ಎಂಬ ನಾಲ್ಕರಲ್ಲಿ, ಅದೂ ತಪ್ಪು ಎದ್ದು ಕಾಣುವಾಗ ಮಾತ್ರವೇ, ಚಿತ್ರವನ್ನು ಆಗ ತಿರುಗಿ ನೋಡಬಹುದಾಗಿತ್ತು. ಕಡೆಯ ಮಾತು ತೀರ್ಪುಗಾರರದೇ. 2022ನೇ ಅಕ್ಟೋಬರಿನಲ್ಲಿ ಭುವನೇಶ್ವರ, ಗೋವೆ, ನವಿ ಮುಂಬಯಿಗಳಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪು ನಡೆದಾಗ ಈ ಯಂತ್ರವು ನಮ್ಮ ದೇಶದ ನೆಲದಲ್ಲಿಯೂ ಕೆಲಸ ಮಾಡಿತೆಂಬದು ಹುಡುಗಿಯರ ಶಾಲೆಯವರಾದ ನಮಗೆ ಸಂತೋಷದ ಸಂಗತಿ.

ಹಾಗಾದರೆ ಯಂತ್ರವಿದ್ದಲ್ಲಿ ಜಗಳವೇ ಇಲ್ಲವೋ? ನಿಯಮವು ಅಂಗೀಕಾರವಾಗಿ ಸರಿಯಾಗಿ ಐದು ವರ್ಷ ತುಂಬಿದ ದಿನ, ಅಂದರೆ 2023ನೇ ಮಾರ್ಚ್ 3ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದನ್ನು ನೆನಪು ಮಾಡಿಕೊಳ್ಳಿರಿ. ಬೆಂಗಳೂರು ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ನಡೆದ ಇಂಡಿಯನ್ ಸೂಪರ್ ಲೀಗಿನ ಪಂದ್ಯದಲ್ಲಿ, ಹೆಚ್ಚಿನ ಅವಧಿಯ ಆಟದಲ್ಲಿ, ಎದುರಾಳಿಗಳು ಅಡ್ಡ ನಿಲ್ಲುವ ಮೊದಲೇ ಸುನಿಲ್ ಛೇತ್ರಿಯವರು ಫ್ರೀ ಕಿಕ್ಕನ್ನು ಒದ್ದು ಗೋಲು ಮಾಡಿದರು. ತೀರ್ಪುಗಾರರು ಅದನ್ನು ಎಣಿಸಿದರು. ಕೇರಳದ ತರಬೇತುದಾರರು ತಮ್ಮವರನ್ನೆಲ್ಲಾ ಮೈದಾನದಿಂದ ಹೊರಗೆ ಕರೆದರು. ಆ ಲೀಗಿನಲ್ಲಿ ಆಗ ವೀಡಿಯೊ ಸಹಾಯವಿರಲಿಲ್ಲ. ಜಯವು ಬೆಂಗಳೂರಿಗಾಯಿತು, ಆಟವನ್ನು ಬಿಟ್ಟುಹೋದದ್ದಕ್ಕೆ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡವೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವೂ ಆದವು.

ಯಂತ್ರವಿದ್ದಿದ್ದರೆ ಈ ವ್ಯಾಜ್ಯವು ತೀರುತ್ತಿತ್ತೆಂದು ಅನೇಕರು ಅಂದರು. ನಮಗೆ ಸಂದೇಹವುಂಟು. ಚೆಂಡು ಗೆರೆಯನ್ನು ದಾಟಿತೋ ಎಂಬದಕ್ಕೆ ಕೆಮರಾ ಉತ್ತರ ಕೊಡಬಲ್ಲದು. ತೀರ್ಪುಗಾರರು ಕಾಯಹೇಳಿದ್ದರೋ, ಒದೆಯಲು ಬಿಟ್ಟಿದ್ದರೋ ಎಂಬದು ಮನುಷ್ಯರ ನಡುವಣ ತಿಳುವಳಿಕೆಯ ಮಾತು. ಅದು ಚಿತ್ರದಲ್ಲಿ ಸುಲಭವಾಗಿ ಸಿಕ್ಕುವದಲ್ಲ. ಮೊದಲನೆಯ ಬಗೆಯ ತಪ್ಪನ್ನು ಯಂತ್ರದಿಂದ ತಿದ್ದಿಕೊಳ್ಳಬೇಕು. ಎರಡನೆಯದನ್ನು ತಾಳಿಕೊಳ್ಳಲು ಕಲಿಯಬೇಕು. ಈ ಎರಡರಲ್ಲಿ ಯಾವದನ್ನು ಬಿಟ್ಟರೂ ಮಕ್ಕಳ ಶಿಕ್ಷಣವು ಅರ್ಧವಾಗುತ್ತದೆ.

ಇಷ್ಟೆಲ್ಲಾ ಕೆಮರಾಗಳು ಬಡ ಮೈದಾನಗಳಿಗೆ ಎಲ್ಲಿಂದ ಬರಬೇಕೆಂದು ಕೇಳುವವರಿಗೂ ಒಂದು ಉತ್ತರವುಂಟು. 2024ರಲ್ಲಿ ಕೊಲಂಬಿಯದಲ್ಲಿ ನಡೆದ ಇಪ್ಪತ್ತು ವರ್ಷದೊಳಗಿನ ಯುವತಿಯರ ವಿಶ್ವಕಪ್ಪಿನಲ್ಲಿ ಇದಕ್ಕಿಂತ ಸರಳವಾದ ಒಂದು ಕ್ರಮವನ್ನು ಪರೀಕ್ಷಿಸಿದರು. ಪ್ರತ್ಯೇಕ ವೀಡಿಯೊ ತೀರ್ಪುಗಾರರಿಲ್ಲ. ತರಬೇತುದಾರರು ಒಂದು ಪಂದ್ಯದಲ್ಲಿ ಎರಡು ಸಲ ಮೊರೆಯಿಡಬಹುದು, ಮೊರೆಯು ನಿಜವಾದರೆ ಆ ಹಕ್ಕು ಉಳಿಯುತ್ತದೆ, ಸುಳ್ಳಾದರೆ ಕಳೆಯುತ್ತದೆ. ತೀರ್ಪುಗಾರರೇ ಬದಿಗೆ ಬಂದು ಚಿತ್ರವನ್ನು ನೋಡುತ್ತಾರೆ. ಕೇಳುವ ಹಕ್ಕಿಗೆ ಬೆಲೆಯಿಟ್ಟ ಈ ಕ್ರಮವು ನಮ್ಮ ಮನಸ್ಸಿಗೆ ಬಹಳ ಒಪ್ಪಿತು.

ಪಂದ್ಯದ ಮರುದಿನ ಬೆಳಗಿನ ಪ್ರಾರ್ಥನಾಕೂಟದಲ್ಲಿ ನಾವು ಎಲ್ಲರ ಮುಂದೆ ನಿಂತು, ಗೋಲಾಗಿತ್ತು, ನಾವು ನೋಡದೆ ಹೋದದ್ದು ತಪ್ಪು ಎಂದು ಹೇಳಿದೆವು. ಆದರೂ ಫಲಿತಾಂಶವನ್ನು ಬದಲಿಸಲಿಲ್ಲ, ಯಾಕಂದರೆ ಗೆದ್ದವರೂ ನ್ಯಾಯವಾಗಿಯೇ ಆಡಿದ್ದರು. ಹೀಗೆ ಹೇಳುವದರಿಂದ ಉಪಾಧ್ಯಾಯಿನಿಯರ ಗೌರವ ಹೋಗುವದೆಂದು ಕೆಲವರು ಅಂದರು. ನಮಗೆ ಹಾಗೆ ತೋರಲಿಲ್ಲ. ತಪ್ಪನ್ನು ಒಪ್ಪದ ಹಿರಿಯರ ಮುಂದೆ ಮಕ್ಕಳು ಭಯದಿಂದ ತಲೆಬಾಗಿಯಾರು, ಗೌರವದಿಂದಲ್ಲ.

ಆದಕಾರಣ ಮುಂದಿನ ಕ್ರೀಡೋತ್ಸವದಿಂದ ಹೀಗೆ ಮಾಡಬೇಕೆಂದು ನಮ್ಮ ಅಭಿಪ್ರಾಯ. ಪ್ರತಿಯೊಂದು ಗೋಲಿನ ಬದಿಯಲ್ಲಿ ಶಾಲೆಯದೇ ಒಂದು ಮೊಬೈಲ್ ಇರಲಿ. ತಂಡದ ನಾಯಕಿ ಒಂದು ಪಂದ್ಯದಲ್ಲಿ ಒಂದು ಸಲ, ಗೋಲಿನ ವಿಷಯದಲ್ಲಿ ಮಾತ್ರ, ವಿನಯವಾಗಿ ಕೇಳಲಿ. ತೀರ್ಪುಗಾರರು ನೋಡಿ ಹೇಳಿದ್ದೇ ಕೊನೆಯದಾಗಲಿ. ತಾಯಿತಂದೆಗಳೇ, ನಿಮ್ಮ ಮೊಬೈಲುಗಳು ಬೇಲಿಯ ಆಚೆಯೇ ಇರಲಿ. ನಿಮ್ಮ ಮಗಳು ತನ್ನ ನ್ಯಾಯವನ್ನು ತಾನೇ ಕೇಳಲು ಕಲಿಯುವಳು, ಕೊಟ್ಟ ಉತ್ತರವನ್ನು ಹೊತ್ತುಕೊಂಡು ಆಟಕ್ಕೆ ಮರಳಲೂ ಕಲಿಯುವಳು. ಶಾಲೆಯನ್ನು ಬಿಟ್ಟುಹೋದ ಮೇಲೆ ಅವಳಿಗೆ ಈ ಎರಡೂ ಬೇಕಾಗುವವೆಂಬದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ನಮಗಿಂತ ಚೆನ್ನಾಗಿ ಬಲ್ಲರು.