ಡಿಪಿಯಲ್ಲಿರೋ ಬಾಬಾಸಾಹೇಬರಿಗೆ ಪ್ರಭಾವಳಿ ಯಾಕ್ರಪ್ಪಾ?

ಏಪ್ರಿಲ್ 14 ಹತ್ತಿರ ಬಂತು. ನನ್ನ ವಾಟ್ಸಾಪಿಗೆ ದಿನಕ್ಕೆ ಹತ್ತಾರು ಡಿಪಿ ಬಂದು ಬೀಳ್ತಿವೆ. ಯಾರೋ ಮಾಡಿದ್ದು, ಇನ್ಯಾರೋ ಹೆಸರು ಸೇರಿಸಿದ್ದು, ಮತ್ಯಾರೋ ಮೂಲೆಯಲ್ಲಿ ತಮ್ಮ ಲೀಡರ್ ಮುಖ ಅಂಟಿಸಿದ್ದು.

ಮೊನ್ನೆ ರಾತ್ರಿ ನಮ್ಮ ಕೇರಿಯ ಹುಡುಗನೊಬ್ಬ ಒಂದು ಕಳಿಸಿದ. ಪಿಯುಸಿ ಮುಗಿಸಿ ಪೇಟೆಯ ಫ್ಲೆಕ್ಸ್ ಅಂಗಡೀಲಿ ಕೆಲಸ ಮಾಡ್ತಾನೆ. ಕೆಲಸ ಮುಗಿದ ಮೇಲೆ ಮೊಬೈಲ್ ಹಿಡಕೊಂಡು ಕೂತು ಸುತ್ತಲಿನ ಊರಿನ ಹುಡುಗರಿಗೆಲ್ಲ ಪುಗಸಟ್ಟೆ ಡಿಪಿ ಮಾಡಿಕೊಡ್ತಾನೆ. ತೆರೆದು ನೋಡಿದೆ. ದುಂಡನೆಯ ಚೌಕಟ್ಟು, ಸುತ್ತ ಬಂಗಾರದ ಬಳ್ಳಿ, ಕೆಳಗೆ ತಾವರೆ ದಳ. ನಡುವೆ ಬಾಬಾಸಾಹೇಬರು. ಹಾಲಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ. ಹಣೆ ಮೇಲೆ ಒಂದು ಗೆರೆ ಇಲ್ಲ, ತುಟಿ ಗುಲಾಬಿ. ತಲೆಯ ಹಿಂದೆ ಕಿರಣ ಬಿಡೋ ಪ್ರಭಾವಳಿ.

ಫೋನ್ ಮಾಡಿದೆ. "ಏನೋ ಇದು, ಬಾಬಾಸಾಹೇಬರೋ, ಕ್ಯಾಲೆಂಡರ್ ದೇವರೋ?"

"ರಾಮನವಮಿ ಟೆಂಪ್ಲೇಟ್ ಕನಣ್ಣ. ಮುಖ ತೆಗ್ದು ನಮ್ಮಪ್ಪನ್ನ ಕೂರ್ಸಿದೆ. ನಾನು ಬಳಸೋ ಆ್ಯಪಲ್ಲಿ ನಮ್ಮೋರ್ದು ಅಂತ ಒಂದೂ ಇಲ್ವಲ್ಲಣ್ಣ."

ಬೈಯೋಕೆ ಅಂತ ಫೋನ್ ಮಾಡಿದೋನು ಸುಮ್ಮನಾದೆ. ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಪೋಸ್ಟು. ಉದ್ದ ಇದೆ, ಪೂರ್ತಿ ಓದಿ ಬೈಯಿರಿ.

ಮೊದಲು ನಮ್ಮ ಹಿರಿಯ ಗೆಳೆಯರಿಗೆ ಎರಡು ಮಾತು. "ಡಿಪಿ ಬದಲಾಯಿಸಿದರೆ ಜಾತಿ ಹೋಗುತ್ತೇನ್ರೀ?" ಅಂತ ಪ್ರತಿ ವರ್ಷ ಹುಡುಗರನ್ನ ಅಣಕಿಸ್ತೀರಲ್ಲ, ನಿಮಗೆ. ಹೋಗಲ್ಲ, ನಮಗೂ ಗೊತ್ತು. ಬೀದಿಗಿಳಿಯೋದಕ್ಕೆ ಬದಲಾಗಿ ಡಿಪಿ ಹಾಕಿ ಕೂರೋದು ಹೋರಾಟ ಅಲ್ಲ, ಅದೂ ಗೊತ್ತು. ಆದರೆ ಫೋನಿನೊಳಗಿರೋದು ಸಣ್ಣ ವಿಷಯ ಅಂತ ಹೇಳ್ತೀರಲ್ಲ, ಅದನ್ನ ಒಪ್ಪಲ್ಲ. 2015ರಲ್ಲಿ ಶಿರಡಿಯಲ್ಲಿ ನಮ್ಮ ಹುಡುಗನೊಬ್ಬನ ಫೋನು ರಿಂಗಾಯಿತು, ರಿಂಗ್‌ಟೋನು ಬಾಬಾಸಾಹೇಬರ ಹಾಡು. ಅಷ್ಟಕ್ಕೆ ಕೊಂದು ಹಾಕಿದರು. 2018ರಲ್ಲಿ ಗುಜರಾತಿನ ಧೋಳ್ಕಾದಲ್ಲಿ ಒಬ್ಬ ಫೇಸ್‌ಬುಕ್ಕಿನಲ್ಲಿ ತನ್ನ ಹೆಸರಿನ ಕೊನೆಗೆ 'ಸಿಂಹ್' ಅಂತ ಸೇರಿಸಿಕೊಂಡದ್ದಕ್ಕೆ ಹಲ್ಲೆ ಆಯಿತು. ಜಾತಿ ಮಾಡೋನಿಗೆ ನಮ್ಮ ಫೋನಿನ ಪರದೆ ಯಾವತ್ತೂ ಸಣ್ಣದಾಗಿ ಕಂಡಿಲ್ಲ. ನಿಮಗೆ ಮಾತ್ರ ಯಾಕೆ ಸಣ್ಣದಾಗಿ ಕಾಣುತ್ತೆ?

ಡಿಪಿ ಏನು ಮಾಡಬಲ್ಲದು ಅಂತ ನೋಡಬೇಕಾದರೆ ಅದೇ ಗುಜರಾತಿಗೆ ಹೋಗಿ. 2017ರ ಸೆಪ್ಟೆಂಬರ್ ಕೊನೆಯಲ್ಲಿ ಗಾಂಧಿನಗರ ಜಿಲ್ಲೆಯ ಲಿಂಬೋದರಾ ಊರಿನಲ್ಲಿ ಮೀಸೆ ಬಿಟ್ಟರು ಅಂತ ದಲಿತ ಹುಡುಗರ ಮೇಲೆ ಕೈಮಾಡಿದರು. ಮುಂದಿನ ಕೆಲವೇ ದಿನಗಳಲ್ಲಿ ಸಾಣಂದ್ ಸುತ್ತಮುತ್ತಲ ನೂರಾರು ಹುಡುಗರ ವಾಟ್ಸಾಪ್ ಡಿಪಿ ಬದಲಾಯಿತು. ಅದರಲ್ಲಿ ಇದ್ದದ್ದಾದರೂ ಏನು? ಒಂದು ತಿರುವಿದ ಮೀಸೆ, ಒಂದು ಕಿರೀಟ, 'ಮಿಸ್ಟರ್ ದಲಿತ್' ಅನ್ನೋ ಎರಡೇ ಪದ. ಯಾರ ಮುಖವೂ ಇಲ್ಲ, ಬಂಗಾರದ ಬಳ್ಳಿಯೂ ಇಲ್ಲ. ಹೊಡೆದವರು ಯಾವುದನ್ನ ಬೋಳಿಸು ಅಂದರೋ ಅದನ್ನೇ ಎತ್ತಿ ನೂರಾರು ಫೋನಿನ ಹಣೆಗೆ ಇಟ್ಟರು. ಒಬ್ಬನ ಮೀಸೆ ಕತ್ತರಿಸಬಹುದು, ಅಷ್ಟೂ ಜನರದ್ದು ಹೇಗೆ ಕತ್ತರಿಸ್ತಾರೆ?

ನನ್ನದೇ ಒಂದು ಮಾತು ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ನಗರದಲ್ಲಿ ಬಾಡಿಗೆ ಮನೆ ಹುಡುಕ್ತಿದ್ದೆ. ಫೋನಲ್ಲಿ "ಬನ್ನಿ ನೋಡಿ" ಅಂದವರು, ನಂಬರ್ ಸೇವ್ ಮಾಡಿಕೊಂಡು ಡಿಪಿ ನೋಡಿದ ಮೇಲೆ "ಬೇರೆಯವರಿಗೆ ಆಗೋಯ್ತು" ಅನ್ನೋರು. ಮೂರನೇ ಸಲ ಹೀಗಾದಾಗ ನಾನು ಬಾಬಾಸಾಹೇಬರನ್ನ ತೆಗೆದು ಗುಲಾಬಿ ಹೂವಿನ ಚಿತ್ರ ಹಾಕಿದೆ. ಒಂಬತ್ತು ದಿನ ಹೂವೇ ಇತ್ತು. ಮನೆ ಸಿಕ್ಕಿತು. ಆ ಒಂಬತ್ತು ದಿನ ಕನ್ನಡಿ ನೋಡೋಕೆ ಆಗಲಿಲ್ಲ. ವೇದಿಕೆ ಮೇಲೆ ದೊಡ್ಡ ದೊಡ್ಡ ಭಾಷಣ ಮಾಡೋ ನಾನು, ಕೈಬೆರಳಷ್ಟು ಚಿತ್ರಕ್ಕೆ ಹೆದರಿದ್ದೆ. ಹೀಗಿರುವಾಗ ಡಿಪಿ ಹಾಕೋ ಹುಡುಗನನ್ನ ನೋಡಿ ನಾನು ಹೇಗೆ ನಗಲಿ?

ಇನ್ನು ನಮ್ಮ ಹೆಣ್ಣುಮಕ್ಕಳನ್ನ ಕೇಳಿ ನೋಡಿ. ಸ್ವಂತ ಫೋಟೋ ಹಾಕಿದರೆ ಅದನ್ನೇ ಎತ್ತಿಕೊಂಡು ಹೊಲಸು ಎಡಿಟ್ ಮಾಡಿ ಹರಿಬಿಡೋ ಗಂಡಸರಿದ್ದಾರೆ. ಅದಕ್ಕೇ ಎಷ್ಟೋ ಜನ ಮುಖದ ಜಾಗಕ್ಕೆ ಸಾವಿತ್ರಿಬಾಯಿಯನ್ನೋ, ಒಂದು ಪುಸ್ತಕದ ಚಿತ್ರವನ್ನೋ ಇಟ್ಟುಕೊಂಡಿದ್ದಾರೆ. ಅವರಿಗೆ ಅದು ಅಲಂಕಾರ ಅಲ್ಲ, ಗುರಾಣಿ.

ಡಿಪಿ ಮುಖ್ಯ ಅಂತ ಒಪ್ಪಿದ ಮೇಲೆಯೇ ನನ್ನ ನಿಜವಾದ ಜಗಳ ಶುರು. ಅದು ಡಿಪಿ ಮಾಡೋ ನಮ್ಮವರ ಜೊತೆಗೇ.

ಆ ಪ್ರಭಾವಳಿ ಯಾಕೆ? ವ್ಯಕ್ತಿಪೂಜೆ ಬೇಡ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನಿಂತು ಎಚ್ಚರಿಸಿದವರು ಯಾರು? ರಾಜಕೀಯದಲ್ಲಿ ಭಕ್ತಿ ಸೇರಿಕೊಂಡರೆ ಅದು ಸರ್ವಾಧಿಕಾರಕ್ಕೆ ದಾರಿ ಅಂತ ಹೇಳಿದ ಮನುಷ್ಯನ ತಲೆ ಹಿಂದೆಯೇ ನಾವು ಕಿರಣ ಹಚ್ತಿದ್ದೀವಿ! ಆ್ಯಪಿನಲ್ಲಿ ಈ ಸಣ್ಣ ಚಿತ್ರಕ್ಕೆ ಇರೋ ಹೆಸರು ನೋಡಿದ್ದೀರಾ? 'ಅವತಾರ್'. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಒಂದು, ಬುದ್ಧನನ್ನ ವಿಷ್ಣುವಿನ ಅವತಾರ ಅಂತ ನಂಬೋದಿಲ್ಲ ಅಂತ. ಬುದ್ಧನನ್ನ ಅವತಾರದಿಂದ ಬಿಡಿಸಿದವರನ್ನೇ ನಾವು ರಾಮನವಮಿ ಟೆಂಪ್ಲೇಟಿನೊಳಗೆ ಕೂರಿಸಿ ಅವತಾರ ಮಾಡ್ತಿದ್ದೀವಿ. ನಗಬೇಕೋ ಅಳಬೇಕೋ ನೀವೇ ಹೇಳಿ.

2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಬದಾಯೂಂ ಜಿಲ್ಲೆಯಲ್ಲಿ ಒಡೆದ ಪ್ರತಿಮೆಯ ಜಾಗಕ್ಕೆ ಕೇಸರಿ ಕೋಟಿನ ಅಂಬೇಡ್ಕರ್ ಬಂದು ನಿಂತಾಗ ದೇಶವೇ ಗದ್ದಲ ಎದ್ದಿತು, ಮತ್ತೆ ನೀಲಿ ಬಳಿದರು. 2022ರ ಡಿಸೆಂಬರ್ 6ರಂದು ಕುಂಭಕೋಣಂನಲ್ಲಿ ಹಿಂದುತ್ವದವರು ಕಾವಿ ಅಂಗಿ ತೊಡಿಸಿ, ಹಣೆಗೆ ವಿಭೂತಿ ಕುಂಕುಮ ಇಟ್ಟು ಬಾಬಾಸಾಹೇಬರ ಪೋಸ್ಟರ್ ಅಂಟಿಸಿದರು. ಆವಾಗ ನಾವೆಲ್ಲ ಕೂಗಿದೆವು, ಕೂಗಲೇಬೇಕಿತ್ತು. ಆದರೆ ಕೂಗಿದ ಬಾಯಲ್ಲೇ ನಮ್ಮನ್ನೂ ಕೇಳಿಕೊಳ್ಳೋಣ. ಅವರು ವಿಭೂತಿ ಹಚ್ಚಿದರೆ ಅಪಮಾನ, ನಾವು ಪ್ರಭಾವಳಿ ಹಚ್ಚಿದರೆ ಅಭಿಮಾನವಾ? ಎರಡೂ ಕಡೆ ಕೆಲಸ ಒಂದೇ: ಓದಿ, ಜಗಳ ಆಡಿ, ಪ್ರಶ್ನೆ ಕೇಳಿದ ಮನುಷ್ಯನನ್ನ ಕೈಮುಗಿದು ಸುಮ್ಮನೆ ಕೂರಿಸೋದು.

ಆಮೇಲೆ ಆ ಬಿಳಿ ಬಣ್ಣ. ಬಾಬಾಸಾಹೇಬರ ಬಹುಪಾಲು ಫೋಟೋ ಕಪ್ಪು-ಬಿಳುಪು. ಅಂದರೆ ಡಿಪಿಯಲ್ಲಿ ಅವರ ಚರ್ಮಕ್ಕೆ ಯಾವ ಬಣ್ಣ ಅಂತ ತೀರ್ಮಾನ ಮಾಡೋದು ಕ್ಯಾಮೆರಾ ಅಲ್ಲ, ಎಡಿಟ್ ಮಾಡೋ ಕೈ. ನಾವು ಆ ತೀರ್ಮಾನವನ್ನ 'ಆಟೋ' ಬಟನ್ನಿಗೆ, 'ಬ್ಯೂಟಿ' ಫಿಲ್ಟರಿಗೆ ಬಿಟ್ಟುಕೊಟ್ಟಿದ್ದೀವಿ. ಅದು ಮುಖ ಕಂಡ ತಕ್ಷಣ ಬೆಳ್ಳಗೆ ಮಾಡುತ್ತೆ, ಗೆರೆ ಅಳಿಸುತ್ತೆ. ಈ ರೋಗ ಇವತ್ತಿನದಲ್ಲ. ಬಣ್ಣದ ಫಿಲಂ ಕಾಲದಲ್ಲಿ ಕೊಡಾಕ್ ಕಂಪನಿ ಫೋಟೋ ಲ್ಯಾಬುಗಳಿಗೆ 'ಶರ್ಲಿ ಕಾರ್ಡ್' ಅಂತ ಕಳಿಸ್ತಿತ್ತು. ಅದರಲ್ಲಿ ಬಹುಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ಆ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಮುಖಗಳು ಹೇಗೆ ಬಂದರೆ ಯಾರಿಗೇನು?

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಣ್ಣ, ನಂದೂ ಬೆಳ್ಳಗೇ ಮಾಡ್ಕಂಡಿವ್ನಿ. ಕೆಲಸಕ್ಕೆ ಅರ್ಜಿ ಹಾಕೋ ಫೋಟೋನೂ ಹಂಗೇಯ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಲಾಬಿ ಹೂವು ಹಾಕಿದ್ದೋನು ನಾನು. ಆದರೆ ಒಂದು ಅರ್ಥ ಆಯಿತು. ಬಾಬಾಸಾಹೇಬರನ್ನ ಬೆಳ್ಳಗೆ ಮಾಡ್ತಿರೋದು ಅವರಿಗೋಸ್ಕರ ಅಲ್ಲ. ನಮ್ಮ ಮುಖದ ಬಗ್ಗೆ ನಮಗೇ ಕಲಿಸಿಟ್ಟಿರೋ ನಾಚಿಕೆಯನ್ನ ಅವರ ಮುಖಕ್ಕೂ ಬಳೀತಿದ್ದೀವಿ. ಕೋಟು ಹಾಕಿ ಎದೆ ಸೆಟೆಸಿ ನಿಂತ ಆ ಮನುಷ್ಯ ನಮ್ಮಿಂದ ಬಿಡಿಸೋಕೆ ಹೊರಟದ್ದು ಇದೇ ನಾಚಿಕೆಯನ್ನ ಅಲ್ಲವಾ?

ಬೈದು ಬಿಟ್ಟರೆ ಸಾಲದು. ಟೆಂಪ್ಲೇಟ್ ಇಲ್ಲ ಅಂದ ಹುಡುಗನಿಗೆ ದಾರಿ ತೋರಿಸಬೇಕು. ನನಗೆ ಗೊತ್ತಿರೋ ಅಷ್ಟು ಹೇಳ್ತೀನಿ.

ಟೆಂಪ್ಲೇಟ್ ಬಿಡಿ, ಖಾಲಿ ಕ್ಯಾನ್ವಾಸಿಂದ ಶುರು ಮಾಡಿ. ಚದರ ಇರಲಿ, 1080ಕ್ಕೆ 1080 ಪಿಕ್ಸೆಲ್ ಸಾಕು. ಡಿಪಿಯನ್ನ ದುಂಡಗೆ ಕತ್ತರಿಸಿ ತೋರಿಸ್ತಾರೆ, ನಾಲ್ಕೂ ಮೂಲೆ ಹೋಗುತ್ತೆ. ಅದಕ್ಕೆ ಮುಖ್ಯವಾದದ್ದು ನಡುವೆ ಇರಲಿ. ಮೂಲೆಯಲ್ಲಿ ಲೀಡರ್ ಮುಖ ಅಂಟಿಸೋರ ಪಾಡು ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ!

ಕಪ್ಪು-ಬಿಳುಪು ಫೋಟೋ ಕಪ್ಪು-ಬಿಳುಪಾಗೇ ಇರಲಿ. ಹಣೆಯ ಗೆರೆ, ಕಣ್ಣ ಕೆಳಗಿನ ಆಯಾಸ ಅಳಿಸಬೇಡಿ, ಅದು ಓದಿನ ಗುರುತು. ಹಿಂದಿನ ಲೇಯರಿಗೆ ಒಂದೇ ಬಣ್ಣ ತುಂಬಿ: ನೀಲಿ. 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟದ ಬಣ್ಣ ಅದು. ಅದಕ್ಕೆ ಮಿಂಚು, ಗ್ಲಿಟರ್ ಏನೂ ಬೇಕಿಲ್ಲ.

ಅಕ್ಷರ ಎರಡು ಪದಕ್ಕಿಂತ ಜಾಸ್ತಿ ಬೇಡ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತು ಒಡೆದು 'ಅಂಬೇಡ್‌ಕರ್' ಅಂತ ಬಂದರೆ, ಪ್ರಿಫರೆನ್ಸಸ್‌ನಲ್ಲಿ 'ಟೈಪ್' ತೆರೆದು ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಒತ್ತಿ. ಕೆಲವು ಆವೃತ್ತಿಗಳಲ್ಲಿ ಅದರ ಹೆಸರು 'ವರ್ಲ್ಡ್-ರೆಡಿ'. ದುಡ್ಡು ಕೊಟ್ಟು ಕೊಳ್ಳೋಕೆ ಆಗದವರಿಗೆ ಗಿಂಪ್, ಇಂಕ್‌ಸ್ಕೇಪ್ ಉಚಿತ ಇವೆ, ಕಳ್ಳ ಕಾಪಿ ಬೇಕಿಲ್ಲ. ನೋಟೋ ಸಾನ್ಸ್, ಬಾಲೂ ತಮ್ಮದಂಥ ಯುನಿಕೋಡ್ ಫಾಂಟೂ ಉಚಿತ. ಸೇವ್ ಮಾಡುವಾಗ ಪಿಎನ್‌ಜಿ ಮಾಡಿ. ಗೆಳೆಯರಿಗೆ ಕಳಿಸುವಾಗ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದರೆ ಕೈಯಿಂದ ಕೈಗೆ ಹೋಗ್ತಾ ಮುಖವೇ ಕಲಸಿಹೋಗುತ್ತೆ.

ಕೊನೆಗೆ ಒಂದು ಪರೀಕ್ಷೆ. ಚಿತ್ರವನ್ನ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ, ತೋಳಿನಷ್ಟು ದೂರ ಹಿಡಿದು ನೋಡಿ. ಗುರುತು ಸಿಕ್ಕರೆ ಗೆದ್ದಿರಿ. ಬಂಗಾರದ ಬಳ್ಳಿ ಈ ಪರೀಕ್ಷೆಯಲ್ಲಿ ಹಳದಿ ಮಸಿಯಾಗಿ ಸಾಯುತ್ತೆ. 'ಮಿಸ್ಟರ್ ದಲಿತ್' ಮೀಸೆ ಸಾಯಲ್ಲ.

ಮುಖವೇ ಬೇಕು ಅಂತಲೂ ಇಲ್ಲ. ಕನ್ನಡಕದ ಎರಡು ದುಂಡು ಗೆರೆ ಬರೆದರೆ ಸಾಕು, ಯಾರು ಅಂತ ಮಗು ಹೇಳುತ್ತೆ. ಒಂದು ಪೆನ್ನು, ಒಂದು ಪುಸ್ತಕ. ಇಲ್ಲಾ ನಮ್ಮ ತಮಟೆ. ಊರವರು ಬಡಿ ಅಂತ ಹೇರಿದ ತಮಟೆ ಅಲ್ಲ, ಚಳವಳಿಯಲ್ಲಿ ನಾವೇ ಎತ್ತಿಕೊಂಡದ್ದು. ಅದು ಹೇಗೂ ದುಂಡಗಿದೆ, ಡಿಪಿಗೆ ಹೇಳಿ ಮಾಡಿಸಿದ ಹಾಗಿದೆ.

ಹಾಗೇ ನಿಮ್ಮ ಸ್ವಂತ ಮುಖ. ಫಿಲ್ಟರ್ ಸೊನ್ನೆಗೆ ಎಳೆದು, ಇರೋ ಬಣ್ಣದಲ್ಲೇ ಹಾಕಿ. ಹಾಕೋಕೆ ಆಗದ ಪರಿಸ್ಥಿತಿ ಇದ್ದರೆ ಯಾರೂ ನಿಮ್ಮನ್ನ ಹೀಯಾಳಿಸಲ್ಲ, ನಾನಂತೂ ಹೀಯಾಳಿಸೋ ಯೋಗ್ಯತೆ ಇರೋನಲ್ಲ. ಆದರೆ ಯಾರಿಗೋಸ್ಕರ ಬೆಳ್ಳಗೆ ಮಾಡ್ತಿದ್ದೀನಿ ಅಂತ ಆ ಬಟನ್ ಒತ್ತೋ ಮುಂಚೆ ಒಂದು ಸಲ ಕೇಳಿಕೊಳ್ಳಿ.

ಎಡಿಟಿಂಗ್ ಗೊತ್ತಿರೋ ಗೆಳೆಯ ಗೆಳತಿಯರೇ, ನಿಮ್ಮ ಹತ್ತಿರ ಒಂದು ಬೇಡಿಕೆ. ಬರೀ ಡಿಪಿ ಹಂಚಬೇಡಿ, ಲೇಯರ್ ಸಮೇತ ಫೈಲ್ ಹಂಚಿ. ನಮ್ಮ ಹುಡುಗ ರಾಮನವಮಿ ಟೆಂಪ್ಲೇಟಿನ ಮುಂದೆ ಹೋಗಿ ನಿಲ್ಲೋ ಹಾಗಾದದ್ದು ಅವನ ತಪ್ಪಲ್ಲ, ಅವನ ಕೈಗೆ ಬೇರೆ ಕೊಡದೆ ಇದ್ದ ನಮ್ಮ ತಪ್ಪು. ನಿಮ್ಮ ನಿಮ್ಮ ಕೇರಿಯಲ್ಲಿ ಇಬ್ಬರಿಗೆ ಕೂರಿಸಿಕೊಂಡು ಕಲಿಸಿ. ಆ ಇಬ್ಬರಲ್ಲಿ ಒಬ್ಬಳು ಹುಡುಗಿ ಇರಲಿ.

ಇವತ್ತು ಬೆಳಿಗ್ಗೆ ಅವನಿಂದ ಇನ್ನೊಂದು ಬಂತು. ನೀಲಿ ಹಿನ್ನೆಲೆ, ಕಪ್ಪು-ಬಿಳುಪು ಮುಖ, ಹಣೆಯ ಗೆರೆ ಹಾಗೇ ಇದೆ. ಕೆಳಗೆ ಒಂದು ಸಾಲು ಬರೆದಿದ್ದ: "ಪ್ರಭಾವಳಿ ತೆಗ್ದಿವ್ನಿ ಅಣ್ಣ. ಈಗ ನಮ್ ತಾತನ್ ಥರ ಕಾಣ್ತವ್ರೆ."

ಇದನ್ನೇ ಹಾಕಿಕೊಂಡಿದ್ದೀನಿ. ಬೇಕಾದವರು ಕೇಳಿ, ಫೈಲ್ ಕಳಿಸ್ತೀನಿ. ಪ್ರಭಾವಳಿ ಇರೋದನ್ನ ನನಗೆ ಕಳಿಸಬೇಡಿ, ವಾಪಸ್ ಬರುತ್ತೆ.

ಜೈ ಭೀಮ್.